ಲಿಫ್ಟಿನಲ್ಲಿ ಕರೆದ ದೇವರು

ಅಪ್ಪಾ,

ಕರೆಂಟು ನೆಟ್ಟಗಿರುವ ಊರಿನಲ್ಲಿ ದೇವರಿಗೆ ಕೆಲಸ ಕಡಿಮೆ ಎಂದು ನೀವಿದ್ದಾಗ ಹೇಳುತ್ತಿದ್ದಿರಲ್ಲ, ನಿನ್ನೆ ಅದು ನಮ್ಮ ತಾಂಬರಂ ಫ್ಲ್ಯಾಟಿನಲ್ಲೇ ಸಾಬೀತಾಯಿತು. ಕರೆಂಟು ಹೋಗಿ ಲಿಫ್ಟು ನಡುವೆ ನಿಂತಿತು. ಪಕ್ಕದ ಮನೆಯ ಜಯಲಕ್ಷ್ಮೀ ಮಾಮಿ ರಾಯರನ್ನು ಕರೆದರು, ಮೇಲಿನ ಮನೆಯವರು ಮುರುಗನನ್ನು. ಜನರೇಟರ್ ಶುರುವಾದದ್ದೇ ತಡ, ಇಬ್ಬರೂ ದೇವರನ್ನು ಬಿಟ್ಟು ಅಸೋಸಿಯೇಷನ್ನಿನವರನ್ನು ಬೈಯತೊಡಗಿದರು.

ಕತ್ತಲಲ್ಲಿ ನಾನು ಕೂಗಿದ್ದು ‘ಅಪ್ಪಾ’ ಎಂದು. ಮಾಮಿಯ ಕಿವಿಗೆ ಅದು ‘ಅಯ್ಯಪ್ಪಾ’ ಎಂದು ಬಿದ್ದಿದೆ.

“ಪರವಾಯಿಲ್ಲೈಯೇ! ನಾಸ್ತಿಕರ ಮಗಳ ಬಾಯಲ್ಲೂ ಸ್ವಾಮಿ ಹೆಸರು ಬಂತಲ್ಲಮ್ಮಾ!” ಎನ್ನುತ್ತ ಇವತ್ತು ಬೆಳಿಗ್ಗೆ, ತಮ್ಮ ಮಗ ಶಬರಿಮಲೆಯಿಂದ ತಂದ ಡಬ್ಬಿ ಪಾಯಸ ಕೊಟ್ಟುಹೋದರು.

ನಾನು ತಿದ್ದಲು ಹೋಗಲಿಲ್ಲ. ನಿಮ್ಮ ಹೆಸರಿಗೆ ಬಂದ ಪ್ರಸಾದವೆಂದು ಪೂರ್ತಿ ತಿಂದೆ. ಬೈಯುವುದಿದ್ದರೆ ಬಂದು ಬೈಯಿರಿ.