ಎರಡು ಬೀಗದ ಬೀರು

ಲೋವರ್ ಹಟ್
೨೪ ಸೆಪ್ಟೆಂಬರ್ ೨೦೧೭, ಭಾನುವಾರ

ಪ್ರೀತಿಯ ವಸಂತಾ,

ಅಭ್ಯಾಸಬಲದಿಂದ ಪ್ರೀತಿಯ ಅಂತ ಬರೆದುಬಿಟ್ಟೆ. ಹೊಡೆದುಹಾಕಿದರೆ ಅದಕ್ಕೂ ನೀನೊಂದು ಅರ್ಥ ಕಟ್ಟುತ್ತೀಯ, ಇರಲಿ ಬಿಡು. ವಾಟ್ಸ್ಯಾಪಿನಲ್ಲಿ ಬರೆದರೆ ಸಂಜೆಯೊಳಗೆ ಅದರ ಸ್ಕ್ರೀನ್‌ಶಾಟನ್ನು ಅರ್ಧ ವೆಲಿಂಗ್ಟನ್ ಓದಿರುತ್ತದೆ. ನೀನು ಕಳಿಸುತ್ತೀಯ ಅಂತ ಹೇಳುತ್ತಿಲ್ಲ. ಕಳಿಸುವುದಿಲ್ಲ ಅಂತಲೂ ಹೇಳಲಾರೆ. ಅದಕ್ಕೇ ಈ ಕಾಗದ.

ನಿನ್ನೆ ಓಟು ಹಾಕಲು ನಮ್ಮ ಹಾಲ್‌ಗೆ ಬಂದಾಗ ಸಾಲಿನಲ್ಲಿ ನೀನಿದ್ದೆ. ನನ್ನನ್ನು ಕಂಡ ಕೂಡಲೇ ಫೋನು ತೆಗೆದು ಓದತೊಡಗಿದೆ. ಫೋನು ತಲೆಕೆಳಗಾಗಿತ್ತು, ವಸಂತಾ. ನಿನ್ನ ಬೆನ್ನ ಹಿಂದೆ ನಮ್ಮ ಕನ್ನಡ ತರಗತಿಯ ಕಬ್ಬಿಣದ ಬೀರು ನಿಂತಿತ್ತು, ಎರಡೂ ಬೀಗ ತೂಗಿಸಿಕೊಂಡು.

ಬರುವ ಶನಿವಾರ ವಿಜಯದಶಮಿ. ಆ ದಿನ ಮೂರು ಪುಟ್ಟ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುತ್ತೇವೆಂದು ಯುಗಾದಿಯಲ್ಲೇ ನಾವಿಬ್ಬರೂ ಮಾತು ಕೊಟ್ಟಿದ್ದೇವೆ. ಅಕ್ಕಿ ಹರಡುವ ನಿಮ್ಮಮ್ಮನ ಹಿತ್ತಾಳೆ ತಟ್ಟೆ, ಪುಸ್ತಕ, ಸ್ಲೇಟು ಎಲ್ಲ ಆ ಬೀರುವಿನೊಳಗಿವೆ. ಒಂದು ಬೀಗದ ಕೈ ನನ್ನ ಹತ್ತಿರ, ಇನ್ನೊಂದರದು ನಿನ್ನ ಹತ್ತಿರ. ನಾನು ಬಂದ ವಾರ ನೀನು ಬರುವುದಿಲ್ಲ, ನೀನು ಬಂದ ವಾರ ನಾನು ಬರುವುದಿಲ್ಲ. ತರಗತಿ ನಿಂತು ಎರಡು ತಿಂಗಳಾಯಿತು. ಈ ಶನಿವಾರವೂ ನಡೆಯದಿದ್ದರೆ ಆ ಹೊತ್ತನ್ನು ಬ್ಯಾಡ್ಮಿಂಟನ್‌ನವರಿಗೆ ಕೊಡುತ್ತೇನೆ ಅಂತ ಹಾಲ್ ನೋಡಿಕೊಳ್ಳುವಾಕೆ ಹೇಳಿದಳು. ಬ್ಯಾಡ್ಮಿಂಟನ್‌ಗೆ ಆ ಹೊತ್ತು ಕೇಳಿದವರು ಯಾರು ಗೊತ್ತಾ? ಭೀಮಸೇನ ಅಂಕಲ್!

ಅವರು ಕನ್ನಡ ಸಂಘದ ಅಧ್ಯಕ್ಷರಾಗಿದ್ದಾಗ ತರಗತಿ ಮುಚ್ಚಿಸಲು ಹೊರಟಿದ್ದನ್ನು, ನಾವಿಬ್ಬರೂ ಮನೆಮನೆಗೆ ಫೋನು ಮಾಡಿ ಅವರನ್ನು ಕುರ್ಚಿಯಿಂದ ಇಳಿಸಿದ್ದನ್ನು ನೀನು ಮರೆತಿರಲಾರೆ. ಗೆದ್ದ ದಿನ ನಿನ್ನ ಕಾರಿನ ಡಿಕ್ಕಿ ತೆಗೆದು, ಅದರ ಅಂಚಿನಲ್ಲಿ ಕೂತು ಚಿತ್ರಾನ್ನ ತಿಂದೆವು. ಅಷ್ಟು ನಕ್ಕಿದ್ದು ಈ ದೇಶಕ್ಕೆ ಬಂದ ಮೇಲೆ ಅದೇ ಮೊದಲು. ಆದರೆ ಇನ್ನು ಮುಂದೆ ತರಗತಿಯಲ್ಲಿ ಏನು ಮಾಡೋಣ ಅಂತ ನಾನು ಕೇಳಲಿಲ್ಲ, ನೀನೂ ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಓದು ಬರಹ ಇತ್ತು, ನಿನ್ನ ಮನಸ್ಸಿನಲ್ಲಿ ಹಾಡು ಕುಣಿತ.

ನಾನು ಶಾಲೆಯಲ್ಲಿ ಪ್ರತಿವರ್ಷ ಪಾಠ ಮಾಡುವುದೇ ಇದನ್ನು. ಹಿಟ್ಲರ್ ಬೀಳಬೇಕು ಎಂಬ ಒಂದು ವಿಷಯಕ್ಕೆ ರಷ್ಯಾ ಮತ್ತು ಅಮೆರಿಕ ಕೈಜೋಡಿಸಿದವು. ಬಿದ್ದ ಮೇಲೆ ಏನು ಎಂಬುದಕ್ಕೆ ಅವರವರ ಮನಸ್ಸಿನಲ್ಲಿ ಅವರವರದೇ ನಕ್ಷೆ ಇತ್ತು. ಪೋಲೆಂಡಿನ ದಾರಿಯಾಗಿ ಜರ್ಮನ್ನರು ಎರಡು ಸಲ ನುಗ್ಗಿ ಬಂದಿದ್ದರಿಂದ ಅದು ತನ್ನ ಹಿಡಿತದಲ್ಲೇ ಇರಬೇಕು ಅಂತ ರಷ್ಯಾ. ಅಲ್ಲಿ ಚುನಾವಣೆ ನಡೆಯಬೇಕು, ವ್ಯಾಪಾರಕ್ಕೆ ಬಾಗಿಲು ತೆರೆದಿರಬೇಕು ಅಂತ ಅಮೆರಿಕ. ತಾನು ಬಯಸಿದ್ದು ರಕ್ಷಣೆ, ಎದುರಿನವನು ಬಯಸಿದ್ದು ದುರಾಸೆ. ಆಮೇಲೆ ನಲವತ್ತು ವರ್ಷಕ್ಕೂ ಮೀರಿ ಇಬ್ಬರೂ ಒಬ್ಬರಿಗೊಬ್ಬರು ಹೆದರಿ ಬಾಂಬು ಪೇರಿಸಿದರು. ಮೊನ್ನೆ ಮಗಳು ನಿಶಾ ನನ್ನ ಟಿಪ್ಪಣಿ ಓದಿ, ಇದು ನೀನೂ ವಸಂತಾ ಆಂಟಿಯೂ ಅಲ್ಲವಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನಿಮ್ಮಿಬ್ಬರಲ್ಲಿ ಸ್ಟಾಲಿನ್ ಯಾರು ಅಂತಲೂ ಕೇಳಿದಳು. ನಿನ್ನ ಹೋಂವರ್ಕ್ ಮುಗಿಸು ಹೋಗು ಅಂದೆ. ನೀನೂ ಕೇಳಬೇಡ.

ಅನುಮಾನ ಯುದ್ಧದ ನಡುವೆಯೇ ಹುಟ್ಟಿತ್ತು ಅಂತಲೂ ನಾನು ಪಾಠದಲ್ಲಿ ಹೇಳುತ್ತೇನೆ. ಅಮೆರಿಕ ಮತ್ತು ಅದರ ಮಿತ್ರರು ಪಶ್ಚಿಮದಿಂದ ಜರ್ಮನಿಯ ಮೇಲೆ ದಾಳಿ ಮಾಡಲು ತಡಮಾಡಿದಾಗ, ನಮ್ಮನ್ನು ಸಾಯಲು ಬಿಟ್ಟಿದ್ದಾರೆ ಅಂತ ರಷ್ಯಾದವರಿಗೆ ಅನಿಸಿತು. ಅಂಕಲ್‌ರನ್ನು ಇಳಿಸಿದ ಸಭೆಯ ದಿನ ನನ್ನ ರೈಲು ತಡವಾಯಿತು, ಅಷ್ಟರಲ್ಲಿ ಅವರ ಬೈಗುಳವನ್ನೆಲ್ಲ ನೀನೊಬ್ಬಳೇ ತಿಂದಿದ್ದೆ. ನಾನು ಬೇಕೆಂದೇ ಹೊರಗೆ ಕಾದು ನಿಂತಿದ್ದೆ ಅಂತ ನೀನು ಇವತ್ತಿಗೂ ನಂಬಿದ್ದೀಯ. ಹೋಗಲಿ, ಅದರ ಹಿಂದಿನ ವಾರ ನೀನು ಅದೇ ಅಂಕಲ್ ಜೊತೆ ಕೆಫೆಯಲ್ಲಿ ಕೂತಿದ್ದೆಯಲ್ಲ? ನೀನು ನರ್ಸ್ ಅಂತ ಅವರು ಬಿಪಿ ಬಗ್ಗೆ ಸಲಹೆ ಕೇಳಿದರು ಅಂದೆ. ಬಿಪಿ ಮಾತಾಡಲು ಒಂದೇ ಮಫಿನ್ ಇಬ್ಬರೂ ಅರ್ಧರ್ಧ ತಿನ್ನಬೇಕಾ? ನನ್ನನ್ನು ಬಿಟ್ಟು ನೀನೊಬ್ಬಳೇ ರಾಜಿಯಾಗುತ್ತಿದ್ದೆಯೇನೋ ಅಂತ ನನಗೆ ಈಗಲೂ ಸಂಶಯ.

ಈ ಬೀಗದ ವಿಷಯವೂ ಅಷ್ಟೆ. ನನ್ನ ಪುಸ್ತಕಗಳ ಮೇಲೆ ನೀನು ಗೆಜ್ಜೆ, ಸ್ಪೀಕರ್ ಪೇರಿಸಿದ್ದನ್ನು ನೋಡಿ ರಕ್ಷಣೆಗೆಂದು ನಾನೊಂದು ಬೀಗ ಹಾಕಿದೆ. ಬರೀ ರಕ್ಷಣೆಗೆ. ಮರುವಾರ ಬಿದ್ದ ನಿನ್ನ ಬೀಗ ಮಾತ್ರ ಶುದ್ಧ ಸೇಡು.

ನನಗೆ ಓದು ಬರಹವೇ ಯಾಕೆ ಬೇಕು ಅಂತ ನಿನಗೆ ಹೇಳಿಯೇ ಇಲ್ಲ. ಮೈಸೂರಿನಿಂದ ನಮ್ಮಮ್ಮ ಬರೆಯುವ ಕಾಗದವನ್ನು ನಿಶಾ ಗೋಡೆಯ ಚಿತ್ತಾರ ನೋಡಿದ ಹಾಗೆ ನೋಡುತ್ತಾಳೆ. ಪ್ರತಿಸಲ ನಾನೇ ಓದಿ ಹೇಳುತ್ತೇನೆ. ನಿನಗೆ ವೇದಿಕೆಯೇ ಯಾಕೆ ಬೇಕು ಅಂತ ನೀನೂ ಹೇಳಿಲ್ಲ, ಆದರೆ ನನಗೆ ಗೊತ್ತು. ಮನೆಯಲ್ಲಿ ಒಂದು ಮಾತೂ ಕನ್ನಡ ಆಡದ ನಿನ್ನ ಮಗ ಅರ್ಜುನ್, ರಾಜ್ಯೋತ್ಸವದಲ್ಲಿ ನಾಲ್ಕು ಸಾಲು ಹೇಳಿ, ಜನರ ನಡುವೆ ನಿನ್ನನ್ನು ಹುಡುಕಿದ. ನೀನು ಅಳುತ್ತಿದ್ದೆ. ನಾನು ಪರದೆ ಸರಿಮಾಡುವವಳ ಹಾಗೆ ಆ ಕಡೆ ತಿರುಗಿಕೊಂಡೆ, ಯಾಕೆಂದರೆ ನನಗೂ ಅಳು ಬಂದಿತ್ತು.

ನಿನ್ನ ಮೇಲೆ ಎಷ್ಟು ಗುಮಾನಿಯಿದ್ದರೂ ನೀನಿಲ್ಲದ ಶನಿವಾರ ಸಪ್ಪೆ ಕಣೇ. ಹಾಗಾಗಿ ಮೊದಲ ಅರ್ಧ ಓದು ಬರಹ, ಉಳಿದರ್ಧ ನಿನ್ನ ಹಾಡು ಕುಣಿತ. ಮೊದಲ ಅರ್ಧ ನನಗೆ ಯಾಕೆ ಅಂತ ಯೋಚಿಸುತ್ತಾ ಕೂರಬೇಡ, ಕುಣಿದ ಮೇಲೆ ಯಾವ ಮಗು ಬರೆಯಲು ಕೂರುತ್ತದೆ ಹೇಳು. ನನ್ನ ಬೀಗದ ಕೈಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಈಗ ಎರಡೂ ನಿನ್ನ ಕೈಯಲ್ಲಿವೆ. ನೀನು ಮನಸ್ಸು ಮಾಡಿದರೆ ಬೀರುವನ್ನು ಪೂರ್ತಿ ಖಾಲಿ ಮಾಡಿಕೊಂಡು ಹೋಗಬಹುದು, ಅದನ್ನೂ ಯೋಚಿಸಿಯೇ ಇಟ್ಟಿದ್ದೇನೆ. ಶನಿವಾರ ಹತ್ತಕ್ಕೆ ಬಾ, ನೀನೇ ಬಾಗಿಲು ತೆಗೆ. ಅಕ್ಕಿ, ಅರಿಸಿನ ನಾನು ತರುತ್ತೇನೆ. ಆ ಮೂರು ಮಕ್ಕಳು ನಮ್ಮ ಜಗಳಕ್ಕೆ ಅಕ್ಷರವಿಲ್ಲದೆ ವಾಪಸು ಹೋಗುವುದು ಬೇಡ.

ಬೇಡವೆಂದರೂ ನಿನ್ನ ಗೆಳತಿಯೇ ಆಗಿರುವ,
ಅರುಂಧತಿ

ತಾ.ಕ.: ಲಕೋಟೆ ಅಂಟಿಸುವಾಗ ನಿಶಾ ಕೇಳಿಬಿಟ್ಟಳು, ಅದಕ್ಕೆ ಹೇಳುತ್ತಿದ್ದೇನೆ. ಬೀಗದ ಜೊತೆ ಎರಡು ಕೈ ಬಂದಿದ್ದವು. ಇನ್ನೊಂದು ನನ್ನ ಹತ್ತಿರವೇ ಇದೆ. ನೀನೂ ನಿನ್ನದರ ಜೋಡಿಯನ್ನು ಎಲ್ಲೋ ಬಚ್ಚಿಟ್ಟಿರುತ್ತೀಯ, ನನಗೆ ಗೊತ್ತಿಲ್ಲವಾ? ಶನಿವಾರ ಅದನ್ನೂ ತೆಗೆದುಕೊಂಡು ಬಾ. ನಾನೂ ನನ್ನದನ್ನು ತರುತ್ತೇನೆ. ಆದರೆ ಮೊದಲು ನೀನು ತೋರಿಸಬೇಕು.