ಹಿಟ್ಟಿನ ಡಬ್ಬಿಯಲ್ಲಿ ಬೇರಿಂಗ್

ಅಗ್ನಿಶಾಮಕ ಠಾಣೆಯ ಹಿಂದಿನ ವಸತಿ ಸಾಲು,
ಆರನೇ ನಂಬರ್ ಮನೆ
ಭಾನುವಾರ, ಮಾರ್ಚ್ ಹದಿನಾರು

ಪ್ರೀತಿಯ ಅಣ್ಣಾ,

ನಮ್ಮ ಮುದುಕಿ ಗಾಡಿಯ ಎಂಜಿನ್ನಿಗೆ ಅಸಲಿ ಬೇರಿಂಗ್ ತರಿಸುತ್ತೇವೆ ಅಂದರು ಠಾಣೆಯ ಸಾಹೇಬರು. ಅಸಲಿ ಡಬ್ಬಿ ತರಿಸಿದರು. ಕೆಟ್ಟ ಭಾಗಗಳನ್ನು ನಿನ್ನ ಕಣ್ಣೆದುರೇ ಬಿಚ್ಚಿ ತೋರಿಸುತ್ತೇವೆ ಅಂದರು. ಚೀಲದಲ್ಲಿ ಕಟ್ಟಿ, ಅರಗು ಒತ್ತಿ, ಬೀರುವಿಗೆ ಸೇರಿಸಿದರು. ಡ್ರೈವರನ ಹೇಳಿಕೆಯನ್ನೂ ಬರೆದುಕೊಳ್ಳುತ್ತೇವೆ ಅಂದರು; ನೀನು ಬಾಯಿ ತೆರೆಯುವ ಮೊದಲೇ ಪೆನ್ನಿಗೆ ಮುಚ್ಚಳ ಹಾಕಿದರು. ಸಂಘದವರು ಒಬ್ಬರು ಪಕ್ಕದಲ್ಲಿ ಕೂರಬಹುದು ಅಂದರು, ಗೇಟಿನಲ್ಲೇ ತಡೆದರು. ವಿಚಾರಣೆ ಮುಗಿಯುವ ತನಕ ಮನೆ ಖಾಲಿ ಮಾಡಿಸುವುದಿಲ್ಲ ಅಂದರು. ಹೋದ ಮಂಗಳವಾರ ಬಾಗಿಲಿಗೆ ನೋಟೀಸು ಅಂಟಿಸಿ ಹೋದರು. ಅಮ್ಮ ಅದನ್ನು ನಾಜೂಕಾಗಿ ಕಿತ್ತು, ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದಾಳೆ, ಗಾಳಿಯನ್ನಾದರೂ ತಡೆಯಲಿ ಅಂತ.

ಇಷ್ಟು ಬರೆಯುವಷ್ಟರಲ್ಲಿ ಅವಳೇ ಹಿಂದೆ ಬಂದು ನಿಂತು ಗದರಿದಳು. "ಅವನು ಉಂಡನಾ, ಹೇಗಿದ್ದಾನೆ ಅಂತ ಕೇಳೋದು ಬಿಟ್ಟು ಭಾಷಣ ಶುರು ಮಾಡಿದ್ಯಾ?" ಸರಿ, ಕೇಳುತ್ತೇನೆ. ಹೇಗಿದ್ದೀಯ ಅಣ್ಣಾ? ಸೊಂಟದ ನೋವು ಹೇಗಿದೆ? ಬಂದರಿನಲ್ಲಿ ಮೂಟೆ ಹೊರುತ್ತಿದ್ದೇನೆ ಅಂತ ಐದು ತಿಂಗಳಲ್ಲಿ ಒಂದೇ ಒಂದು ಕಾರ್ಡು ಹಾಕಿದೆ. ಹದಿನೆಂಟು ವರ್ಷ ಸ್ಟಿಯರಿಂಗ್ ಹಿಡಿದ ಬೆನ್ನಿಗೆ ಮೂಟೆ ಹೊರುವುದು ಆಗುವ ಮಾತಾ? ಫೋನ್ ಮಾಡಿದರೆ ಎತ್ತುವುದಿಲ್ಲ. ಅದಕ್ಕೇ ಈ ಕಾಗದ. ಅಮ್ಮನ ಮಂಡಿ ಮೊದಲಿಗಿಂತ ಮೋಸ, ಮೆಟ್ಟಿಲು ಹತ್ತಲಾರಳು. ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಾನೂ ಚೆನ್ನಾಗಿದ್ದೇನೆ ಅಂತಲೇ ಬರೆಯಬೇಕಲ್ಲ, ಬರೆದೆ ಅಂದುಕೋ. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಮುದುಕಿಯ ಕೆಂಪು ಮೂತಿ. ಮನೆಯಿಂದ ಶೆಡ್ಡಿಗೆ ನಲವತ್ತು ಹೆಜ್ಜೆ, ಶೆಡ್ಡಿನಿಂದ ಮನೆಗೆ ಅದೇ ನಲವತ್ತು ಹೆಜ್ಜೆ. ಸುತ್ತ ಗೋಡೆ. ಗೇಟು ದಾಟಬೇಕಾದರೆ ಪುಸ್ತಕದಲ್ಲಿ ಸಹಿ, ಯಾಕೆ ಹೋಗುತ್ತಿದ್ದೀಯ ಅಂತ ಕಾರಣ. ಹೋದ ವಾರ ಕಾರಣದ ಜಾಗದಲ್ಲಿ "ಉಸಿರಾಡಲು" ಅಂತ ಬರೆದೆ. ಗೇಟಿನ ಮಾವ ಅದನ್ನು ಓದಿ, ಹೊಡೆದು ಹಾಕಿ, ತಾನೇ "ತರಕಾರಿ" ಅಂತ ಬರೆದುಕೊಂಡ. ಒಳ್ಳೆಯವನು ಪಾಪ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಯಾಕೆಂದರೆ ಅವರು ಬೇರೆ ಥರ ಬರೆದಿಟ್ಟಿದ್ದಾರೆ; ನಮ್ಮ ಕೈಬರಹದಲ್ಲೂ ಒಂದು ಕಡೆ ಇರಲಿ. ಮುದುಕಿಗೆ ಅರವತ್ತು ವರ್ಷ. ಅವಳನ್ನು ಹೆತ್ತ ಕಂಪನಿ ಬಾಗಿಲು ಹಾಕಿ ಮೂವತ್ತು ವರ್ಷವಾಯಿತು. ಆದರೂ ಅವಳನ್ನು ಇಟ್ಟುಕೊಂಡಿದ್ದೇವೆ, ಶೋಕಿಗಲ್ಲ. ಹೊಸ ದೊಡ್ಡ ಗಾಡಿಗಳು ನೇಕಾರರ ಓಣಿಗಳಲ್ಲಿ ತಿರುಗುವುದಿಲ್ಲ. ಅಲ್ಲಿಗೆ ನೀರು ಹೊತ್ತು ನುಗ್ಗುವ ಗಾಡಿ ಇವಳೊಬ್ಬಳೇ. ಹೋದ ವರ್ಷ ಅವಳ ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದೆವು. ಅಕ್ಟೋಬರಿನಲ್ಲಿ, ನಡುಮಧ್ಯಾಹ್ನ, ನೂಲಿನ ಗೋದಾಮಿಗೆ ಬೆಂಕಿ ಬಿತ್ತು. ನೀನು ಓಡಿಸಿಕೊಂಡು ಹೋದೆ. ನಲ್ಲಿಕಟ್ಟೆಯ ತಿರುವಿನಲ್ಲಿ, ಬೆಂಕಿಗೆ ಇನ್ನೂರು ಹೆಜ್ಜೆ ದೂರದಲ್ಲಿ, ಒಳಗಿನ ಬೇರಿಂಗ್ ಪುಡಿಯಾಗಿ ಎಂಜಿನ್ ಹಿಡಿದುಕೊಂಡು ನಿಂತುಬಿಟ್ಟಿತು. ಪೈಪುಗಳನ್ನು ನೀವು ಹೆಗಲ ಮೇಲೆ ಹೊತ್ತು ಓಡುವಷ್ಟರಲ್ಲಿ ಗೋದಾಮಿನ ಮಾಡು ಕುಸಿದಿತ್ತು. ನೂಲನ್ನು ಬಣ್ಣಕ್ಕೆ ಅದ್ದುವ ತಾತನ ಎರಡೂ ಕೈ ಬೆಂದು ಹೋದವು. ಅವರ ವರದಿಯಲ್ಲಿ ಏನಿದೆ ಗೊತ್ತಾ? "ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಇಳಿದರೂ ಚಾಲಕ ವಾಹನ ನಿಲ್ಲಿಸಲಿಲ್ಲ." ಇಷ್ಟೇ. ಅದಕ್ಕೆ ನೀನು ಕೇಳಿದ ಪ್ರಶ್ನೆ ಅದರಲ್ಲಿಲ್ಲ. "ಸಾಹೇಬ್ರೆ, ಮುಳ್ಳು ನೋಡಿ ನಿಲ್ಲಿಸ್ಬೇಕಿತ್ತಾ, ಹೊಗೆ ನೋಡಿ ಓಡಿಸ್ಬೇಕಿತ್ತಾ?" ಅಂತ ಕೇಳಿದೆಯಲ್ಲ, ಆ ಮಾತನ್ನು ನಮ್ಮ ಸಂಘದ ಕಾರ್ಯದರ್ಶಿ, ಅದೇ ಕಪ್ಪು ಕನ್ನಡಕದ ವೆಲ್ಡರ್, ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾನೆ. ದಿನಾ ಅಳಿಸುತ್ತಾರೆ. ದಿನಾ ಬರೆಯುತ್ತಾನೆ.

ಈಗ ಮುದುಕಿಯನ್ನು ಮತ್ತೆ ಬಿಚ್ಚಿದ್ದೇವೆ. ಎಂಜಿನ್ನಿನ ಒಳದಂಡ ಕ್ರ್ಯಾಂಕನ್ನು ಉಜ್ಜಿಸಿ ತಂದಾಯಿತು. ಅದನ್ನು ಹೊತ್ತು ತಿರುಗಗೊಡುವ ಏಳು ಜೊತೆ ಬೇರಿಂಗ್ ಬೇಕು. ಮಡಿಕೆ ಕೆಡದ ಅಂಗಿಯ ಎಂಜಿನಿಯರ್ ಇದ್ದಾನಲ್ಲ, ಇಸ್ತ್ರಿ ಸಾಹೇಬ, ಅವನು ಹೋದ ವರ್ಷದ ಅದೇ ಅಂಗಡಿಯಿಂದ, ಅದೇ ಹಳದಿ ಡಬ್ಬಿಗಳನ್ನು ತರಿಸಿ ನನ್ನ ಮೇಜಿನ ಮೇಲಿಟ್ಟ. ಡಬ್ಬಿ ಏನು ಚಂದ ಅಂತೀಯ! ಹಳೆಯ ಕಂಪನಿಯ ಮುದ್ರೆ, ಎಣ್ಣೆ ಕಾಗದ, ಸೀಲು. ನಾನು ಸೀಲು ಒಡೆದು, ಮೈಕ್ರೊಮೀಟರ್ ಹಿಡಿದು, ಒಂದೊಂದನ್ನೂ ಮೂರು ಕಡೆ ಅಳೆದೆ. ಏಳರಲ್ಲಿ ನಾಲ್ಕು ಜೊತೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು. ಉಗುರಿನಿಂದ ಕೆರೆದರೆ ಮೇಲಿನ ಮೆದು ಲೋಹ ಸುಣ್ಣದ ಹಾಗೆ ಉದುರುತ್ತದೆ. ಅವನ ಕೋಣೆಗೆ ಹೋಗಿ ಮೇಜಿನ ಗಾಜಿನ ಮೇಲೆ ಉದುರಿಸಿ ತೋರಿಸಿದೆ. ಅವನು ಕರವಸ್ತ್ರದಿಂದ ಗಾಜು ಒರೆಸಿದ. "ಕೊಳ್ಳೋದು ನನ್ನ ಕೆಲಸ, ಕೂರಿಸೋದು ನಿನ್ನ ಕೆಲಸ. ಕೂರಿಸಿ, ಅಳತೆ ಹಾಳೆಗೆ ಸಹಿ ಹಾಕು. ಇಪ್ಪತ್ತನೇ ತಾರೀಖು ವಿಚಾರಣೆ ಮತ್ತೆ ಕೂರ್ತದೆ, ಅಲ್ಲಿ ಮಾಲು ಸರಿ ಇತ್ತು ಅಂತ ಒಂದು ಮಾತು ಹೇಳು. ನಿಮ್ಮಣ್ಣನ ಹೆಸರಿನಲ್ಲಿರೋ ಮನೆ ನಿನ್ನ ಹೆಸರಿಗೆ ಮಾಡಿಸಿಕೊಡ್ತೀನಿ," ಅಂದ. ಆಗುವುದಿಲ್ಲ ಅಂದೆ. ಆಗ ನಕ್ಕು ಇನ್ನೊಂದು ಮಾತು ಹೇಳಿದ. ಅದನ್ನು ಕೊನೆಗೆ ಬರೆಯುತ್ತೇನೆ. ಈಗ ಕೈ ಬರುತ್ತಿಲ್ಲ.

ಅವನು ತರಿಸದಿದ್ದರೆ ನಾನೇ ಹುಡುಕುತ್ತೇನೆ ಅಂತ ಎರಡು ಭಾನುವಾರ ಅಲೆದೆ. ಹಳೆ ಸಾಮಾನಿನ ಬೀದಿ ನಿನಗೆ ಗೊತ್ತಲ್ಲ, ನೆಲವೆಲ್ಲ ಎಣ್ಣೆ ಕುಡಿದು ಕಪ್ಪಾಗಿರುವುದು. ಒಂದೊಂದು ಅಂಗಡಿಯ ಮುಂದೆಯೂ ಗೇರುಗಳ ಗುಡ್ಡೆ, ತಂತಿಗೆ ಪೋಣಿಸಿದ ವಾಲ್ವುಗಳು. ಮುದುಕಿಯ ಹೆಸರು ಹೇಳಿದರೆ ಅರ್ಧ ಜನ ನಕ್ಕರು, ಅರ್ಧ ಜನ ಕೈ ಮುಗಿದರು. ಮೂಲೆಯ ಅಂಗಡಿಯ ದಪ್ಪ ಆಸಾಮಿ ಚಹಾ ಹೀರುತ್ತಾ, ಮುಖದಲ್ಲಿ ಒಂಚೂರೂ ನಾಚಿಕೆಯಿಲ್ಲದೆ ಕೇಳಿದ, "ಬರೀ ಡಬ್ಬಿ ಬೇಕಾ ಅಕ್ಕಾ, ಒಳಗೆ ಏನಾದ್ರೂ ಬೇಕಾ?" ಹಿಂದಿನ ಗೂಡಿನಲ್ಲಿ ಅವೇ ಹಳದಿ ಡಬ್ಬಿಗಳು, ಮಡಚದ ರಟ್ಟಿನ ಹಾಳೆಗಳಾಗಿ, ನೂರರ ಕಟ್ಟುಗಳಲ್ಲಿ! ಲೆಕ್ಕ ನೋಡು ಅಣ್ಣಾ. ಒಬ್ಬ ರಟ್ಟು ಮಾರುತ್ತಾನೆ, ಒಬ್ಬ ಅದರಲ್ಲಿ ಕಸ ತುಂಬುತ್ತಾನೆ, ಒಬ್ಬ ಇಸ್ತ್ರಿ ಅಂಗಿ ತೊಟ್ಟು ಅದಕ್ಕೆ ಸಹಿ ಹಾಕುತ್ತಾನೆ. ಕೈ ಬೇಯುವುದು ಬಣ್ಣದ ತಾತನದು, ಕೆಲಸ ಹೋಗುವುದು ಡ್ರೈವರನದು. ಈ ಮೂವರಲ್ಲಿ ಒಬ್ಬನನ್ನಾದರೂ ವಿಚಾರಣೆಗೆ ಕರೆದಿದ್ದಾರಾ?

ಎರಡನೇ ಭಾನುವಾರ ಒಬ್ಬ ಗುಜರಿಯವನು, ಊರಾಚೆಯ ಮರ ಕೊಯ್ಯುವ ಮಿಲ್ಲಿನಲ್ಲಿ ಇದೇ ಜಾತಿಯ ಎಂಜಿನ್ ಇನ್ನೂ ಗರಗಸ ತಿರುಗಿಸುತ್ತಿದೆ ಅಂದ. ಹೋದೆ. ದೂರದಿಂದಲೇ ಆ ಸದ್ದು ಕೇಳಿ ಕಾಲು ನಿಂತುಬಿಟ್ಟವು. ಮುದುಕಿ ಚೆನ್ನಾಗಿದ್ದಾಗ ಹೀಗೇ ಗೊಣಗುತ್ತಿದ್ದಳು. ಮಿಲ್ಲು ನಡೆಸುವವರು ಒಬ್ಬ ವಿಧವೆ, ಅಮ್ಮನ ವಯಸ್ಸು, ಕೂದಲ ತುಂಬ ಮರದ ಹೊಟ್ಟು. ನನ್ನ ಕೈಗಳನ್ನು ತಿರುಗಿಸಿ ನೋಡಿ, "ಮೆಕ್ಯಾನಿಕ್ಕೇ ಹೌದು, ಬಾ," ಅಂದರು. ಒಳಗೆ ಪೆಟ್ಟಿಗೆಯ ತಳದಲ್ಲಿ ಮೇಣದ ಬಟ್ಟೆ ಸುತ್ತಿದ ಒಂದು ಗಂಟು. ಬಿಚ್ಚಿದರೆ ಏಳು ಜೊತೆ ಬೇರಿಂಗ್, ನಮಗೆ ಬೇಕಾದದ್ದೇ ಸೈಜು, ಆಗಿನ ಕಾಲದ್ದು. "ನಮ್ಮೆಜಮಾನ್ರು ಎತ್ತಿಟ್ಟಿದ್ದು. ನನ್ನನ್ನೂ ಇಷ್ಟು ಜೋಪಾನ ಮಾಡ್ಲಿಲ್ಲ ಆ ಮನುಷ್ಯ," ಅಂದರು. ಅಳೆದೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಉಗುರು ಹಾಕಿದರೆ ಉಗುರೇ ಸವೆಯಬೇಕು. ಕೊಡುತ್ತೀರಾ ಅಂದೆ. ಗಂಟನ್ನು ಮತ್ತೆ ಕಟ್ಟುತ್ತಾ ಅಂದರು: "ಬೆಂಕಿ ಆರಿಸೋಕೆ ಹೋಗೋ ಗಾಡಿಗಾದ್ರೆ ಅಷ್ಟೂ ತಗೊಂಡು ಹೋಗು. ನಿಮ್ಮ ಸಾಹೇಬ್ರ ಮೆರವಣಿಗೆಗಾದ್ರೆ ಒಂದು ಚೂರೂ ಇಲ್ಲ."

ತಂದೆ. ಆದರೆ ಬಿಲ್ಲಿಲ್ಲದ ಮಾಲು ಶೆಡ್ಡಿನೊಳಗೆ ಬರಬಾರದು ಅಂತ ಇಸ್ತ್ರಿ ಸಾಹೇಬ ಆಗಲೇ ಸುತ್ತೋಲೆ ಹೊರಡಿಸಿದ್ದ. ಯಾರೋ ಸುದ್ದಿ ಮುಟ್ಟಿಸಿರಬೇಕು. ಗೇಟಿನ ಮಾವ ನನ್ನ ಚೀಲಕ್ಕೆ ಕೈ ಹಾಕಿದ, ಗಂಟು ಮುಟ್ಟಿದ, ಭಾರ ನೋಡಿದ. "ತರಕಾರಿ ಈ ಸಲ ಬಲಿತಿದೆ ಕಣಮ್ಮಾ," ಅಂದು ಬಿಟ್ಟ. ಈಗ ಅವು ಅಮ್ಮನ ಹಿಟ್ಟಿನ ಡಬ್ಬಿಯಲ್ಲಿವೆ. ನಿಜವಾದ ಬೇರಿಂಗ್ ಹಿಟ್ಟಿನೊಳಗೆ, ಸುಳ್ಳು ಬೇರಿಂಗ್ ಕಂಪನಿಯ ಡಬ್ಬಿಯೊಳಗೆ, ನಡುವೆ ನಲವತ್ತು ಹೆಜ್ಜೆ. ಆ ನಲವತ್ತು ಹೆಜ್ಜೆ ದಾಟಲು ನನಗೆ ಆಗುತ್ತಿಲ್ಲ ಅಣ್ಣಾ. ಕೂರಿಸಿದರೆ ಕಳ್ಳ ಮಾಲು ಕೂರಿಸಿದಳು ಅಂತ ಹೊರಗೆ ಹಾಕುತ್ತಾರೆ. ಅವನ ಮಾಲು ಕೂರಿಸಿದರೆ ಮುದುಕಿ ಇನ್ನೊಂದು ತಿರುವಿನಲ್ಲಿ ನಿಲ್ಲುತ್ತಾಳೆ, ಇನ್ಯಾರದೋ ಕೈ. ಏನೂ ಮಾಡದೆ ಕೂತರೆ ಓಣಿಗಳಿಗೆ ಗಾಡಿಯೇ ಇಲ್ಲ. ಮೇಲಿಂದ ಬೇಸಗೆ ಬೇರೆ. ಸೈರನ್ ಕೂಗಿದಾಗಲೆಲ್ಲ ನಾನು ಮೊದಲು ನೋಡುವುದು ಹೊಗೆ ಎದ್ದಿರುವುದು ನೇಕಾರರ ಕಡೆಯಾ ಅಂತ. ಅಲ್ಲ ಅಂತ ಗೊತ್ತಾದ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತೇನೆ.

ವೆಲ್ಡರ್ ಅಣ್ಣ ಹಟ ಹಿಡಿದು ವಿಚಾರಣೆಯನ್ನು ಇನ್ನೊಂದು ಸಲ ಕೂರಿಸಿದ್ದಾನೆ. ಈ ಸಲ ಸಂಘದವರೂ ಒಳಗಿರುತ್ತಾರೆ, ಅರಗು ಒತ್ತಿದ ಚೀಲವನ್ನೂ ಒಡೆಯಬೇಕು ಅಂತ ಬರೆಸಿಕೊಂಡಿದ್ದಾನೆ. "ಘೋಷಣೆ ನಾವು ಕೂಗ್ತೀವಿ ತಂಗಿ, ಅದಕ್ಕೆ ಜನ ಇದ್ದಾರೆ. ಒಳಗಿನ ಸತ್ಯ ಹೇಳೋಕೆ ಶೆಡ್ಡಿನವರು ಒಬ್ಬರು ಬೇಕು," ಅಂದ. ನಾನು ಕೆಲಸವಿದೆ ಅಂತ ಶೆಡ್ಡಿನೊಳಗೆ ಹೋದೆ.

ಬಣ್ಣದ ತಾತ ನಿನ್ನನ್ನು ಕೇಳಿದ. ಕೈಗೆ ಇನ್ನೂ ಬಟ್ಟೆ ಸುತ್ತಿದೆ; ಆದರೂ ಓಣಿಯ ಬಾಗಿಲಿಗೆ ಬಂದು, "ಪೈಪು ಹೊತ್ತುಕೊಂಡು ಓಡಿ ಬಂದೋನು ಅವನೇ ತಾನೆ? ಅವನ ಮೇಲೆ ನನಗೇನೂ ಇಲ್ಲ ಅಂತ ಬರಿ," ಅಂದ. ಬರೆದಿದ್ದೇನೆ. ಅಮ್ಮನ ಆಶೀರ್ವಾದ. ಗೇಟಿನ ಮಾವನ ನಮಸ್ಕಾರ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೂಟೆಯನ್ನು ಬಗ್ಗಿ ಎತ್ತಬೇಡ, ಕೂತು ಎತ್ತು.

ನಿನ್ನ ತಂಗಿ,
ಬೋಲ್ಟು

ಮರೆತಿದ್ದು: ಮರೆತದ್ದಲ್ಲ, ಇಲ್ಲಿಯವರೆಗೆ ತಳ್ಳಿಕೊಂಡು ಬಂದದ್ದು. ಗೇಟಿನಾಚೆ ಈ ಕಾಗದ ಒಯ್ಯುವ ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ನಾಳೆ ಬಂದರಿಗೆ ಮುಟ್ಟುತ್ತಾನಂತೆ, ಬೇಗ ಬರೆಯುತ್ತೇನೆ. ಇಸ್ತ್ರಿ ಸಾಹೇಬ ನಕ್ಕು ಹೇಳಿದ ಮಾತು ಇದು: "ಹೋದ ವರ್ಷ ಇದೇ ಮಾಲಿಗೆ ಏಳಕ್ಕೆ ಏಳೂ ಸರಿ ಅಂತ ಹಾಳೆಯಲ್ಲಿ ಬರೆದಿದ್ದೀಯ. ಈಗ ಸರಿ ಇಲ್ಲ ಅಂತೀಯ. ಯಾವಾಗ ಸುಳ್ಳು ಬರೆದೆ ಅಂತ ವಿಚಾರಣೆಯಲ್ಲಿ ನೀನೇ ಹೇಳು." ಹೌದು ಅಣ್ಣಾ. ಆ ಹಾಳೆ ಎಲ್ಲರೂ ಅಂದುಕೊಂಡ ಹಾಗೆ ನಿವೃತ್ತಿಯಾದ ಮೇಸ್ತ್ರಿಯದಲ್ಲ, ನನ್ನದು. ಸೀಲಿರುವ ಡಬ್ಬಿಯ ಮಾಲನ್ನು ನಮ್ಮ ಶೆಡ್ಡಿನಲ್ಲಿ ಯಾರೂ ಅಳೆಯುವುದಿಲ್ಲ. ಕಂಪನಿಯ ಪುಸ್ತಕದಲ್ಲಿರುವ ಅಂಕಿಯನ್ನು ಹಾಳೆಗೆ ಇಳಿಸಿ ಸಹಿ ಹಾಕುವುದು, ಇದೇ ಶೆಡ್ಡಿನಲ್ಲಿ ಅಪ್ಪ ಕಲಿಸಿದ್ದೂ ಹಾಗೇ. ಅಪ್ಪನ ಕಾಲದಲ್ಲಿ ಡಬ್ಬಿಗಳು ಸುಳ್ಳು ಹೇಳುತ್ತಿರಲಿಲ್ಲ. ನಾನೂ ಹಾಗೇ ಇಳಿಸಿದೆ. ಮೈಕ್ರೊಮೀಟರ್ ಮೇಜಿನ ಮೇಲೇ ಇತ್ತು. ಐದು ನಿಮಿಷದ ಕೆಲಸ. ನೀನು ಊರು ಬಿಡುವ ದಿನ, ಅದನ್ನು ಬರೆದವರು ಯಾರು ಅಂತ ಕೇಳಿದೆ. ನಾನು ಸ್ಪ್ಯಾನರ್ ಹುಡುಕುವವಳ ಹಾಗೆ ತಲೆ ಬಗ್ಗಿಸಿದೆ. ಐದು ತಿಂಗಳಿಂದ ಹುಡುಕುತ್ತಲೇ ಇದ್ದೇನೆ. ಸಾಕು. ವಿಚಾರಣೆಯಲ್ಲಿ ಎದ್ದು ನಿಂತು ಇದನ್ನೇ ಹೇಳುತ್ತೇನೆ, ಹಿಟ್ಟಿನ ಡಬ್ಬಿಯನ್ನೂ ಹಳದಿ ಡಬ್ಬಿಯನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು. ನನ್ನ ಕೆಲಸ ಹೋಗುತ್ತದೆ, ಮನೆಯೂ ಹೋಗುತ್ತದೆ. ಅಮ್ಮನಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವಳು ಪಾತ್ರೆಗಳನ್ನು ಒಂದರೊಳಗೊಂದು ಜೋಡಿಸಿ ಕಟ್ಟತೊಡಗಿದಳು. ನನ್ನನ್ನು ಬೈಯಬೇಕು ಅಂತಿದ್ದರೆ ಕಾಗದದಲ್ಲಿ ಬೈಯಬೇಡ, ಬಂದು ಎಲ್ಲರ ಎದುರು ಬೈ. ಠಾಣೆಯ ಮಹಡಿ ಮೇಲಿನ ಕೋಣೆ. ಗುರುವಾರ, ಮಾರ್ಚ್ ಇಪ್ಪತ್ತು, ಬೆಳಿಗ್ಗೆ ಹತ್ತೂವರೆ ಗಂಟೆ.