ಚಾಪೆ ಬಿಟ್ಟೆದ್ದರೆ ಹಾಡು ರದ್ದು

ಜೂನ್ 4, ಬೆಳಿಗ್ಗೆ

ಇವತ್ತೂ ತಾಳಕ್ಕೆ ಒದಗುವ ಪಾತ್ರೆ ಮುಚ್ಚಳದ ಹುಡುಕಾಟ. ಸ್ಟೀಲಿಗೆ ಜಂಬ ಜಾಸ್ತಿ, ಅಲ್ಯೂಮಿನಿಯಂಗೆ ನಾಚಿಕೆ ಜಾಸ್ತಿ. ಅಮ್ಮನ ಕಣ್ಣು ತಪ್ಪಿಸಿ ಎರಡನ್ನೂ ಚೀಲಕ್ಕೆ ಹಾಕಿದ್ದಾಯಿತು. ಕಲೆಗಾಗಿ ಮಾಡಿದ ಕಳ್ಳತನ ಕಳ್ಳತನವಲ್ಲವೆಂದು ಈ ಮೂಲಕ ಘೋಷಿಸುತ್ತೇನೆ.

ಮಕ್ಕಳ ಹಾಡಿನ ನಮ್ಮ ಬ್ಯಾಂಡಿನ ಹೆಸರು ‘ಹಲ್ಲಿಲ್ಲದವರು’. ಅಕ್ಕ ಹಾಡು ಕಟ್ಟುತ್ತಾಳೆ, ಗಿಟಾರ್ ಹಿಡಿದು ಹಾಡುತ್ತಾಳೆ. ಭಾವನದು ಡ್ರಮ್. ಮುಚ್ಚಳ, ಪೀಪಿ, ಕಪ್ಪೆಯ ವಟವಟ ಮುಂತಾದ ಘನ ಖಾತೆಗಳು ನನ್ನವು. ಭಾವನ ಟೈಲರ್ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೋ. ಗೋಡೆ ತುಂಬ ಬಟ್ಟೆಯ ಥಾನುಗಳು, ಬೀದಿಯ ಹಾರ್ನ್ ಒಳಗೆ ಸುಳಿಯುವುದಿಲ್ಲ.

ನಿಯಮ ಒಂದೇ. ಹೊಸ ಹಾಡಾದರೆ ಬೀದಿಯ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಹಾಡಬೇಕು. ಮುಗಿಯುವ ಮೊದಲು ಒಬ್ಬರು ಎದ್ದರೂ ಹಾಡು ರದ್ದು. ಮೇಲ್ಮನವಿಗೆ ಅವಕಾಶವಿಲ್ಲ. ನನ್ನ ಹಲ್ಲಿ ಗೀತೆ ವೀರಮರಣ ಹೊಂದಿದ್ದು ಹೀಗೆಯೇ.

ಜೂನ್ 9

ದೊಡ್ಡ ಮ್ಯೂಸಿಕ್ ಕಂಪನಿಯವರು ಬಂದಿದ್ದರು. ಅಕ್ಕನ ದನಿ ಬೇಕಂತೆ. ನಾವು ಬೇಡವಂತೆ.

“ಇಂಥ ಕಂಠ ಇಟ್ಕೊಂಡು ಆನೆ, ಕಪ್ಪೆ ಅಂತ ಎಷ್ಟು ದಿನ ಮೇಡಂ? ದೊಡ್ಡೋರಿಗೆ ಹಾಡಿ.”

ಹೊರಡುವಾಗ ಅವರ ಕೋಟಿನ ಬೆನ್ನಿಗೆ ಅಂಗಡಿಯ ಚೀಟಿ ಪಿನ್ ಮಾಡಿದೆ: ‘ಬಿಗಿ ಇದೆ, ಬಿಚ್ಚಿ ಹೊಲಿಯಬೇಕು’. ಬೀದಿಯುದ್ದಕ್ಕೂ ಹಾಗೇ ನಡೆದುಹೋದರು. ಅಕ್ಕ ನೋಡಿದಳು. ನಗಲಿಲ್ಲ.

ನಗಲಿಲ್ಲ ಅಂದರೆ ಯೋಚನೆ ಮಾಡುತ್ತಿದ್ದಾಳೆ.

ಜೂನ್ 10

ನೇರವಾಗಿ ಕೇಳಿಯೇಬಿಟ್ಟೆ. “ಹೋಗ್ತೀಯಾ?”

“ಹೊಸ ಹಾಡೊಂದಿದೆ. ಚಾಪೇಲಿ ಪಾಸಾದ್ರೆ ಇಲ್ಲೇ. ಆಗ್ಲಿಲ್ಲ ಅಂದ್ರೆ... ಮಕ್ಕಳಿಗೆ ಹಾಡೋದು ನಂಗೆ ಮರ್ತೋಗಿದೆ ಅಂತ ಲೆಕ್ಕ ಕಣೋ.”

ಹಾಡು ಕೇಳಿಸಿದಳು. ಕರೆಂಟು ಹೋಗಿದೆ. ಕತ್ತಲಲ್ಲಿ ಮಗುವೊಂದು ಅಮ್ಮನಿಂದ ತಾತನವರೆಗೆ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ಕೂಗುತ್ತದೆ, ಒಬ್ಬೊಬ್ಬರೂ ತಾವಿದ್ದ ಕಡೆಯಿಂದಲೇ ಓಗೊಡುತ್ತಾರೆ. ಅಷ್ಟೇ. ಕಪ್ಪೆ ಇಲ್ಲ, ಮುಚ್ಚಳ ಇಲ್ಲ. ಭಾವ ದಾರದುಂಡೆ ತರುವ ನೆಪ ಹೇಳಿ ಎದ್ದುಹೋದರು. ದಾರ ತರಲಿಲ್ಲ, ಮೂಗು ಒರೆಸಿಕೊಂಡು ಬಂದರು.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಹಾಡು ಚೆನ್ನಾಗಿದೆ, ಅದೇ ಭಯ. ಇಷ್ಟು ನಿಧಾನದ ಹಾಡಿಗೆ ಆ ವಾನರಸೇನೆ ಕೂತೀತೇ? ಅಂಗಡಿಯಿಂದ ಮನೆ, ಮನೆಯಿಂದ ಅಂಗಡಿ — ಸುಮ್ಮನೆ ಓಡಾಡುತ್ತಿದ್ದೇನೆ.

ಜೂನ್ 14, ಸಂಜೆ. ಪರಮ ರಹಸ್ಯ.

ಚಾಪೆಯ ಸದಸ್ಯರೊಂದಿಗೆ ನಲ್ಲಿಕಟ್ಟೆಯ ಬಳಿ ಉನ್ನತ ಮಟ್ಟದ ಮಾತುಕತೆ ನಡೆಯಿತು. ನಾಯಕಿ ಜಡ್ಜಮ್ಮ, ಮುಂದಿನ ಹಲ್ಲು ಬಿದ್ದವಳು. ಕೊನೆಯವರೆಗೂ ಅಲ್ಲಾಡದೆ ಕೂತವರು ಟೈಲರ್ ಚಾಕಿನಿಂದ ನನ್ನ ಮುಖಕ್ಕೆ ಮೀಸೆ ಬರೆಯಬಹುದು.

“ಗಡ್ಡಾನೂ,” ಅಂದಳು ಜಡ್ಜಮ್ಮ.

ಒಪ್ಪಿದೆ. ರಾಜ್ಯ ಉಳಿಯಬೇಕಾದರೆ ಮುಖ ಹೋದರೇನು.

ಜೂನ್ 15

ಕೂತರು. ಕೈಕಟ್ಟಿ, ಬಾಯಿ ಮುಚ್ಚಿ, ಗುಂಪು ಫೋಟೋಕ್ಕೆ ಕೂತ ಹಾಗೆ. ಒಬ್ಬನ ಮೂಗು ಸೋರುತ್ತಿತ್ತು, ಒರೆಸಿಕೊಳ್ಳಲಿಲ್ಲ ಪುಣ್ಯಾತ್ಮ. ಎರಡನೇ ಚರಣಕ್ಕೆ ಅಕ್ಕ ತಂತಿಯ ಮೇಲೆ ಅಂಗೈ ಇಟ್ಟಳು. 

“ಕೇಳ್ತಿರೋ ಮಕ್ಕಳು ಹೀಗೆ ಕೂರಲ್ಲ. ಕಾಲು ಅಲ್ಲಾಡ್ಸ್ತವೆ, ಪಕ್ಕದೋರನ್ನ ತಿವೀತವೆ. ಏನ್ ಕೊಡ್ತೀನಿ ಅಂದಿದಾನೆ ಇವನು?”

“ಮೀಸೆ. ಗಡ್ಡಾನೂ,” ಜಡ್ಜಮ್ಮ ತುಟಿ ಅಲ್ಲಾಡಿಸದೆ ಹೇಳಿದಳು. ಹಾಡು ಇನ್ನೂ ಮುಗಿದಿರಲಿಲ್ಲವಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಗಿಟಾರನ್ನು ಚೀಲದೊಳಗಿಟ್ಟು ಜಿಪ್ ಎಳೆದಳು. “ನಿಂಗೂ ಈ ಹಾಡು ಪಾಸಾಗಲ್ಲ ಅಂತ ಗೊತ್ತಿತ್ತು, ಅಲ್ವಾ?”

ಇಲ್ಲ ಅನ್ನುವಷ್ಟರಲ್ಲಿ ಹೊರಟುಹೋಗಿದ್ದಳು. ಕೊಟ್ಟ ಮಾತಿನಂತೆ ಮೀಸೆ ಬರೆಸಿಕೊಂಡೆ. ಯಾರಿಗೂ ನಗು ಬರಲಿಲ್ಲ.

ಜೂನ್ 21

ಬರೆಯಲು ಮುಖವಿರಲಿಲ್ಲ. ಅಕ್ಕ ಅಂಗಡಿಯ ಕಡೆ ಬಂದಿಲ್ಲ. ನಾಳೆ ನಾಲ್ಕು ಗಂಟೆಗೆ ಕಂಪನಿಯವರಿಗೆ ಫೋನ್ ಮಾಡಿ ಒಪ್ಪಿಗೆ ಹೇಳುತ್ತಾಳಂತೆ.

ಭಾವನ ಕಾಲು ಹಿಡಿದೆ, ಪ್ಯಾಂಟಿನ ಅಳತೆ ತೆಗೆಯುವವನ ಹಾಗೆ. “ಎದ್ದೇಳಯ್ಯಾ ಮಹಾನುಭಾವ,” ಅಂದವರು ಅಕ್ಕನಿಗೆ ಫೋನ್ ಹಚ್ಚಿದರು. “ಮೋಸ ಮಾಡಿದ್ದು ನಿನ್ನ ತಮ್ಮ ಕಣೇ. ಹಾಡೇನು ತಪ್ಪು ಮಾಡ್ತು? ಆ ಫೋನಿಗೆ ಮುಂಚೆ ಮಕ್ಕಳನ್ನ ಇನ್ನೊಂದ್ಸಲ ಕೂರ್ಸು.”

 ಒಪ್ಪಿದಳು. ಷರತ್ತು: ನಾನು ಗೋಡೆಗೆ ಮುಖ ಮಾಡಿ ಕೂರಬೇಕು. ಮಕ್ಕಳಿಗೆ ಕಣ್ಸನ್ನೆ ಮಾಡುವಂತಿಲ್ಲ.

ಜೂನ್ 22, ಮೂರೂ ಮುಕ್ಕಾಲು

ಗೋಡೆಯ ಮುಂದೆ ಕೂತು ಬರೆಯುತ್ತಿದ್ದೇನೆ. ಕಣ್ಣೆದುರು ನೀಲಿ ಚೌಕಳಿಯ ಥಾನು. ಬೆನ್ನ ಹಿಂದೆ ಚಾಪೆ.

ಶುರು ಮಾಡಿದಳು. ಯಾರೋ ಕೆಮ್ಮಿದರು. ಯಾರೋ ಯಾರನ್ನೋ ತಿವಿದರು. ತಿವಿಯಿರಿ ಮಕ್ಕಳೇ, ಚೆನ್ನಾಗಿ ತಿವಿಯಿರಿ.

ಎರಡನೇ ಚರಣ. ಚಾಪೆ ಸರಕ್ಕೆಂದಿತು. ಎದ್ದರು. ಯಾರೋ ಎದ್ದರು. ಪುಟ್ಟ ಹೆಜ್ಜೆ, ಓಡುತ್ತಿದೆ... ಬಾಗಿಲು ಧಡಾರ್.

ಭಾವನ ದನಿ: “ಜಡ್ಜಮ್ಮ.”

ಮುಗಿಯಿತು. ಅಕ್ಕ ನಿಲ್ಲಿಸಿಬಿಟ್ಟಳು. ಉಸಿರು ಬಿಟ್ಟದ್ದೂ ಕೇಳಿಸಿತು. 

ಮತ್ತೆ ಬಾಗಿಲು. ಪುಟ್ಟ ಹೆಜ್ಜೆ, ಅದರ ಹಿಂದೆ ಎಳೆದು ಹಾಕುವ ಭಾರದ ಹೆಜ್ಜೆ. ಅವಳ ತಾತ ಇರಬೇಕು — ಅವಳನ್ನು ಒಳಗೆ ಬಿಟ್ಟು ಮೆಟ್ಟಿಲ ಮೇಲೆ ಪೇಪರ್ ಓದುತ್ತಾ ಕೂರುವವರು.

“ಏ, ಬಿಡೇ ಕೈನ. ಮಕ್ಕಳ ಹಾಡು, ನಂಗ್ಯಾಕೆ?”

“ನೀನೂ ಇರ್ತೀಯ ತಾತ ಅದ್ರಲ್ಲಿ. ಕೂತ್ಕೋ. ಆಂಟಿ, ಮೊದ್ಲಿಂದ ಹೇಳಿ.”

ಮಂಡಿ ಲಟಕ್ಕೆಂದಿತು. ಚಾಪೆಯ ಮೇಲೆ ಯಾರೋ ದೊಡ್ಡವರು ಕೂತ ಸದ್ದು.

ಭಾವ ಗಂಟಲು ಸರಿಮಾಡಿಕೊಂಡರು. “ಎದ್ದಿದ್ದಂತೂ ಎದ್ದಳು. ನಿಯಮ...” ಆಮೇಲೆ, ಮೆಲ್ಲಗೆ, “ನಾಲ್ಕಾಯ್ತು ಕಣೇ. ಕಂಪನಿಗೆ ಫೋನು...”

 ಅಕ್ಕ ಗಿಟಾರಿನ ಕಿವಿ ತಿರುವುವ ಸದ್ದು.

“ಆಗ್ಲಿ ಬಿಡ್ರೀ. ತಾತ, ಕಾಲು ಚಾಚ್ಕೊಳ್ಳಿ, ಪರ್ವಾಗಿಲ್ಲ.”

ಮೊದಲಿಂದ ಹಾಡುತ್ತಿದ್ದಾಳೆ. ತಿರುಗಬಾರದೆಂದು ಆಜ್ಞೆಯಿದೆ. ಸ್ವಲ್ಪವೇ ಸ್ವಲ್ಪ, ಒಂದೇ ಕಣ್ಣಿನಲ್ಲಿ, ತಿರು—